ಯೋಗಶಾಲೆಗೆ ಬೀಳ್ಕೊಡುಗೆ: ಕದ ಮುಚ್ಚಿದರೂ ಮುಂಜಾವು ಉಳಿಯಲಿ

ಕೂಡಿದ್ದು ಅಗಲುವುದು ಲೋಕದ ರೂಢಿ. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಉಡಿ ತುಂಬುತ್ತೇವೆ. ವರ್ಗವಾಗಿ ಹೋಗುವ ಗುರುಗಳಿಗೆ ಶಾಲು ಹೊದಿಸಿ, ಫಲಪುಷ್ಪ ಕೊಟ್ಟು, ಬಸ್ಸು ಹತ್ತಿಸಿ ಬರುತ್ತೇವೆ. ಲಿಂಗೈಕ್ಯರಾದ ಹಿರಿಯರಿಗೆ ಗಣಾರಾಧನೆ ಮಾಡುತ್ತೇವೆ. ಮನುಷ್ಯರನ್ನು ಬೀಳ್ಕೊಡುವ ರೀತಿಯನ್ನು ನಮ್ಮ ಪೂರ್ವಿಕರು ಚೆನ್ನಾಗಿ ಕಲಿಸಿದ್ದಾರೆ. ಆದರೆ ಹತ್ತಾರು ವರ್ಷ ನಸುಕಿನಲ್ಲಿ ಕೂಡಿ ಕುಳಿತ ಒಂದು ತಾಣವನ್ನು ಬೀಳ್ಕೊಡುವುದು ಹೇಗೆ? ಅದಕ್ಕೆ ನಮ್ಮಲ್ಲಿ ಪದ್ಧತಿಯಿಲ್ಲ. ಒಂದು ದಿನ ಕದಕ್ಕೆ ಬೀಗ ಬೀಳುತ್ತದೆ, ಜಮಖಾನೆ ಯಾರದೋ ಅಟ್ಟ ಸೇರುತ್ತದೆ, ಬರುತ್ತಿದ್ದವರು ದಾರಿಯಲ್ಲಿ ಎದುರಾದಾಗ “ಈಗ ಮಾಡ್ತೀರೇನು?” ಎಂದು ಕೇಳಿ ನಕ್ಕು ಮುಂದೆ ಹೋಗುತ್ತಾರೆ. ಅಷ್ಟಕ್ಕೇ ಎಲ್ಲ ಮುಗಿಯುತ್ತದೆ.

ರಾಯಚೂರು ನಗರದಲ್ಲಾಗಲಿ, ದೇವದುರ್ಗ, ಮಾನ್ವಿಗಳಲ್ಲಾಗಲಿ ಯೋಗಶಾಲೆಯೆಂದರೆ ಸ್ವಂತ ಕಟ್ಟಡವುಳ್ಳ ಸಂಸ್ಥೆಯೇನಲ್ಲ. ಮಠದ ಹಜಾರ, ಶಾಲೆಯ ಅಂಗಳ, ಕಲ್ಯಾಣ ಮಂಟಪದ ಮೇಲಂತಸ್ತು, ಪುಣ್ಯಾತ್ಮರೊಬ್ಬರ ಮನೆಯ ಮಾಳಿಗೆ ಇಂಥ ಎರವಲು ನೆಲದಲ್ಲಿಯೇ ಅದು ಹುಟ್ಟುವುದು. ಎರವಲು ನೆಲದಲ್ಲಿ ಹುಟ್ಟಿದ್ದಕ್ಕೆ ಆಯುಷ್ಯ ನಮ್ಮ ಕೈಯಲ್ಲಿರುವುದಿಲ್ಲ. ಮಾಲೀಕರ ಮಕ್ಕಳು ಅಂಗಡಿ ಕಟ್ಟಿಸುತ್ತಾರೆ, ಕಲಿಸುವವರಿಗೆ ವಯಸ್ಸಾಗುತ್ತದೆ, ಬಾಡಿಗೆ ಏರುತ್ತದೆ. 2020ರ ಮಾರ್ಚ್ ತಿಂಗಳಲ್ಲಿ ಕೊರೊನಾ ಕಾರಣದಿಂದ ದೇಶವೆಲ್ಲ ಬಾಗಿಲು ಹಾಕಿಕೊಂಡಾಗ ಕೂಡಿ ಕೂರುವ ವರ್ಗಗಳೆಲ್ಲ ನಿಂತವು. ಹಾಗೆ ನಿಂತವುಗಳಲ್ಲಿ ಎಷ್ಟೋ ಮತ್ತೆ ತೆರೆಯಲೇ ಇಲ್ಲ. ಈ ತಿಂಗಳು ಈ ವಿಷಯವನ್ನು ನಮ್ಮ ಓದುಗ ಬಂಧುಗಳೊಡನೆ ಕುಳಿತು ವಿಚಾರಿಸಬೇಕೆಂದು ನಮಗೆ ಅನ್ನಿಸಿದೆ.

ಹೋಗುವುದು ಏನು?

ಯೋಗಶಾಲೆ ಮುಚ್ಚಿದರೆ ಹೋಗುವುದೇನು ಎಂದು ಮೊದಲು ತಿಳಿಯಬೇಕು. ಆಸನಗಳೇನೋ ಹೋಗುವುದಿಲ್ಲ, ಅವು ಪುಸ್ತಕದಲ್ಲಿವೆ. ಇಂದು ಕೈಯೊಳಗಿನ ಮೊಬೈಲಿನಲ್ಲಿಯೂ ಇವೆ. ಹೋಗುವುದು ಒಂದು ಹೊತ್ತು. ನಮ್ಮ ಸೀಮೆಯ ಬೇಸಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ದಿನದಲ್ಲಿ ಮೈ ಹಗುರಾಗುವ ಹೊತ್ತೆಂದರೆ ಸೂರ್ಯ ಏಳುವ ಮುಂಚಿನ ಒಂದು ತಾಸು ಮಾತ್ರ. ಆ ತಾಸಿನಲ್ಲಿ ಮನೆಯ ಹೆಣ್ಣುಮಕ್ಕಳಿಗೆ ಒಲೆ, ನೀರು, ರೊಟ್ಟಿ, ಮಕ್ಕಳ ಶಾಲೆಯ ಡಬ್ಬಿ. ಯೋಗದ ವರ್ಗವೊಂದಿದೆ ಎಂಬ ಕಾರಣಕ್ಕೆ ಒಬ್ಬ ತಾಯಿ ಆ ತಾಸನ್ನು ತನ್ನದೆಂದು ಹೇಳಿ ಹೊರಬೀಳಬಲ್ಲಳು. ವರ್ಗವಿಲ್ಲದಿದ್ದರೆ “ಮನೆಯಾಗ ಮಾಡಿಕೋ” ಎನ್ನುತ್ತಾರೆ. ಮನೆಯಲ್ಲಿ ಆ ತಾಸು ಎಲ್ಲರದೂ ಆಗುತ್ತದೆ, ಅವಳದೊಂದು ಆಗುವುದಿಲ್ಲ.

ಎರಡನೆಯದಾಗಿ ಹೋಗುವುದು ಕೂಟ. ಅಲ್ಲಿ ನಿವೃತ್ತ ಗುಮಾಸ್ತರ ಪಕ್ಕದಲ್ಲಿ ಅಕ್ಕಿ ಗಿರಣಿಯ ಹಮಾಲರು, ವಕೀಲರ ಪಕ್ಕದಲ್ಲಿ ಕಿರಾಣಿ ಅಂಗಡಿಯವರು ಕೂರುತ್ತಾರೆ. ಯಾರು ಯಾವ ಓಣಿ, ಯಾವ ಮನೆತನ ಎಂದು ಶವಾಸನದಲ್ಲಿ ಮಲಗಿದವರನ್ನು ಕೇಳುವವರಿಲ್ಲ. ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸುವಾಗ ಮೇಲು ಕೀಳು ಎಣಿಸಬಾರದೆಂದು ಕಲಿತ ಸಮಾಜ ನಮ್ಮದು. ಅದನ್ನು ಮಾತಿಲ್ಲದೆ ನಡೆಸುವ ಜಾಗಗಳು ಊರಿನಲ್ಲಿ ಎಷ್ಟಿವೆ ಎಂದು ಎಣಿಸಿ ನೋಡಿದರೆ ಯೋಗಶಾಲೆಯ ಬೆಲೆ ತಿಳಿಯುತ್ತದೆ. ನಾಲ್ಕು ದಿನ ಒಬ್ಬ ಹಿರಿಯರು ಬಾರದಿದ್ದರೆ ಐದನೆಯ ದಿನ ಅವರ ಮನೆಯ ಕದ ತಟ್ಟುವವರು ಇಲ್ಲಿಯವರೇ.

ಮೂರನೆಯದು ತಿದ್ದುವ ಕಣ್ಣು. ರಕ್ತದೊತ್ತಡ ಹೆಚ್ಚಿರುವವರು, ಗ್ಲಾಕೋಮಾ ಎಂಬ ಕಣ್ಣಿನ ಬೇನೆಯುಳ್ಳವರು ಶೀರ್ಷಾಸನಕ್ಕೆ ಹೋಗಬಾರದು. ಸೊಂಟದ ನರದ ತೊಂದರೆಯಿರುವವರು ಜೋರಾಗಿ ಮುಂದಕ್ಕೆ ಬಾಗಬಾರದು. ಇದನ್ನು ಪರದೆಯ ಮೇಲಿನ ಗುರು ನೋಡಿ ಹೇಳಲಾರರು. ಮೈಮುಟ್ಟಿ ಭುಜ ಸರಿಪಡಿಸುವ, “ಅವ್ವಾ, ನಿಮಗೆ ಇಷ್ಟೇ ಸಾಕು” ಎಂದು ತಡೆಯುವ ಒಬ್ಬರು ಎದುರಿಗಿರಬೇಕು.

“ಹೊಲದಲ್ಲಿ ದುಡಿಯುವವರಿಗೆ ಯೋಗ ಯಾತಕ್ಕೆ? ಅದು ಕೂತು ಉಣ್ಣುವವರ ಕಸರತ್ತು” ಎಂಬ ಮಾತು ನಮ್ಮ ಕಡೆ ಆಗಾಗ ಕೇಳಿಬರುತ್ತದೆ. ದುಡಿಮೆಗೆ ಗೌರವ ಕೊಡುವ ಮಾತು ಅದು, ಹಾಗಾಗಿ ಅಲ್ಲಗಳೆಯುವ ಮುನ್ನ ವಿಚಾರಿಸಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಮಾನ್ವಿ ಸೀಮೆಯಲ್ಲಿ ಭತ್ತ ಬಂತು. ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗದ ಹೊಲಗಳಿಗೂ ನೀರು ತಂದಿತು. ಭತ್ತದ ನಾಟಿಯೆಂದರೆ ಕೆಸರಿನಲ್ಲಿ ನಿಂತು ದಿನವಿಡೀ ಬಾಗಿ ಮಾಡುವ ಕೆಲಸ, ಅದನ್ನು ಹೆಚ್ಚಾಗಿ ಮಾಡುವವರು ಹೆಣ್ಣುಮಕ್ಕಳು. ದುಡಿಮೆ ದೇಹವನ್ನು ಒಂದೇ ಕಡೆಗೆ ಬಾಗಿಸುತ್ತದೆ, ಆಸನ ಅದನ್ನು ಇನ್ನೊಂದು ಕಡೆಗೆ ತಿರುಗಿಸುತ್ತದೆ. ಹಳೆಯ ಸೊಂಟನೋವಿಗೆ ಯೋಗಾಭ್ಯಾಸದಿಂದ ತಕ್ಕಮಟ್ಟಿನ ಉಪಶಮನವಾಗುತ್ತದೆಂದು ವೈದ್ಯಕೀಯ ಪರೀಕ್ಷೆಗಳೂ ಹೇಳುತ್ತವೆ. ಪವಾಡವಾಗುತ್ತದೆಂದು ಅವು ಹೇಳುವುದಿಲ್ಲ, ನಾವೂ ಹೇಳುವುದಿಲ್ಲ. ಆದರೆ ನಡು ಹಿಡಿದುಕೊಂಡವರಿಗೆ ತಕ್ಕಮಟ್ಟಿನದೂ ದೊಡ್ಡದೇ.

ಲಿಂಗಪೂಜಾನಿಷ್ಠರಿಗಂತೂ ಇದರ ಅಗತ್ಯ ಬೇರೆ ಹೇಳಬೇಕಿಲ್ಲ. ಕರಸ್ಥಲದಲ್ಲಿ ಇಷ್ಟಲಿಂಗವನ್ನಿಟ್ಟು, ಬೆನ್ನು ನೆಟ್ಟಗೆ ಮಾಡಿ, ದೃಷ್ಟಿ ಕದಲದಂತೆ ಕುಳಿತುಕೊಳ್ಳಲು ಮಂಡಿ ಬಾಗಬೇಕು, ತೋಳು ನಿಲ್ಲಬೇಕು, ಉಸಿರು ಸಮವಾಗಬೇಕು. ಅರವತ್ತು ದಾಟಿದ ಮೇಲೆ ನೆಲದ ಮೇಲೆ ಕೂರಲಾಗದೆ ಕುರ್ಚಿಯಲ್ಲಿ ಪೂಜೆ ಮಾಡಿಕೊಳ್ಳುವ ಹಿರಿಯರನ್ನು ಎಲ್ಲ ಮನೆಗಳಲ್ಲಿಯೂ ಕಾಣುತ್ತೇವೆ. ಕುರ್ಚಿಯ ಪೂಜೆಯೂ ಪೂಜೆಯೇ. ಆದರೂ ಸುಖಾಸನದಲ್ಲಿ ಮತ್ತೆ ಹತ್ತು ನಿಮಿಷ ಕೂರುವಂತಾದಾಗ ಅವರ ಮುಖದಲ್ಲಿ ಮೂಡುವ ಸಮಾಧಾನವೇ ಬೇರೆ.

ಮೈಸೂರಿನ ಒಂದು ಕದ

ಯೋಗಶಾಲೆ ಮುಚ್ಚುವುದು ಹೊಸ ಸಂಗತಿಯಲ್ಲ. ಕನ್ನಡ ನಾಡಿನಲ್ಲಿ ಹಿಂದೊಮ್ಮೆ ಮುಚ್ಚಿದ ಯೋಗಶಾಲೆಯೊಂದರ ಕಥೆ ಲೋಕಕ್ಕೆಲ್ಲ ಸಂಬಂಧಿಸಿದ್ದು. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರಿನ ಜಗನ್ಮೋಹನ ಅರಮನೆಯ ಒಂದು ಭಾಗದಲ್ಲಿ ಯೋಗಶಾಲೆ ತೆರೆಸಿದರು. ಕಲಿಸಲು ನೇಮಕವಾದವರು ಚಿತ್ರದುರ್ಗ ಸೀಮೆಯಲ್ಲಿ 1888ರಲ್ಲಿ ಜನಿಸಿದ ತಿರುಮಲೆ ಕೃಷ್ಣಮಾಚಾರ್ಯರು. ಅವರು ‘ಯೋಗಮಕರಂದ’ವನ್ನೂ, 1941ರಲ್ಲಿ ‘ಯೋಗಾಸನಗಳು’ ಎಂಬ ಪುಸ್ತಕವನ್ನೂ ಬರೆದದ್ದು ನಮ್ಮ ಕನ್ನಡದಲ್ಲಿ. ಇಂದು ದೇಶದೇಶಗಳಲ್ಲಿ ಜನರು ಮಾಡುವ ಆಸನಗಳ ಬಹುದೊಡ್ಡ ಪಾಲು ಈ ಶಾಲೆಯ ಶಿಷ್ಯರಿಂದ ಹೊರಗೆ ಹೋದದ್ದೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು.

ಶಾಲೆ ನಡೆದದ್ದು ಅರಮನೆಯ ಆಶ್ರಯದಲ್ಲಿ. ನಾಲ್ವಡಿಯವರು 1940ರಲ್ಲಿ ತೀರಿಕೊಂಡರು. 1947ರಲ್ಲಿ ಸ್ವಾತಂತ್ರ್ಯ ಬಂತು, ಮೈಸೂರಿನ ಆಡಳಿತ ಅರಮನೆಯಿಂದ ಜನರ ಸರಕಾರಕ್ಕೆ ಬಂತು. ಆಶ್ರಯ ತಪ್ಪಿತು, ಕಲಿಯುವವರೂ ಕಡಿಮೆಯಾಗಿದ್ದರು. 1950ರಲ್ಲಿ ಯೋಗಶಾಲೆಯ ಕದ ಮುಚ್ಚಿತು. ಆಗ ಕೃಷ್ಣಮಾಚಾರ್ಯರಿಗೆ ಅರವತ್ತು ದಾಟಿತ್ತು. ಕೆಲಕಾಲ ಬೆಂಗಳೂರಿನಲ್ಲಿದ್ದು, ಬಳಿಕ ಮದರಾಸಿಗೆ ಹೋಗಿ, ಅಲ್ಲಿ ಮೊದಲಿನಿಂದ ಆರಂಭಿಸಿದರು. ನೂರು ತುಂಬಿದ ಮೇಲೆ, 1989ರಲ್ಲಿ ಅಲ್ಲಿಯೇ ದೇಹ ಬಿಟ್ಟರು.

ಹಾಗಾದರೆ ಉಳಿದದ್ದು ಹೇಗೆ? ಕದ ಮುಚ್ಚುವ ಹದಿನಾಲ್ಕು ವರ್ಷ ಮೊದಲೇ, 1936ರಲ್ಲಿ, ಕೃಷ್ಣಮಾಚಾರ್ಯರು ಶಿಷ್ಯರನ್ನು ಕರೆದುಕೊಂಡು ನಮ್ಮ ಉತ್ತರ ಕರ್ನಾಟಕದ ಕಡೆ ಪ್ರದರ್ಶನಕ್ಕೆ ಬಂದಿದ್ದರು. ಆ ತಂಡದಲ್ಲಿ ಕೋಲಾರ ಸೀಮೆಯ ಬೆಳ್ಳೂರಿನ ಒಬ್ಬ ಬಡಕಲು ಹುಡುಗನಿದ್ದ. ಆ ಪ್ರದರ್ಶನ ಕಂಡಿದ್ದ, ಬೆಳಗಾವಿಯಲ್ಲಿ ಸಿವಿಲ್ ಸರ್ಜನ್ ಆಗಿದ್ದ ಡಾ. ವಿ. ಬಿ. ಗೋಖಲೆಯವರು ಮರುವರ್ಷ ಆತನನ್ನು ಪುಣೆಗೆ ಕರೆಸಿಕೊಂಡರು. ಅವರೇ ಮುಂದೆ ಬಿ. ಕೆ. ಎಸ್. ಅಯ್ಯಂಗಾರ್ ಎಂದು ಲೋಕಪ್ರಸಿದ್ಧರಾದವರು. ತೀರಿಹೋದ ಪತ್ನಿ ರಮಾಮಣಿಯವರ ಹೆಸರಿನಲ್ಲಿ 1975ರಲ್ಲಿ ಪುಣೆಯಲ್ಲಿ ಯೋಗಸಂಸ್ಥೆ ತೆರೆದು, 2014ರಲ್ಲಿ 95ನೆಯ ವಯಸ್ಸಿನಲ್ಲಿ ತೀರಿಕೊಂಡರು. ಇನ್ನೊಬ್ಬ ಶಿಷ್ಯ, ಹಾಸನ ಸೀಮೆಯ ಕೌಶಿಕ ಗ್ರಾಮದ ಕೆ. ಪಟ್ಟಾಭಿ ಜೋಯಿಸರು ಮೈಸೂರಿನ ಸಂಸ್ಕೃತ ಪಾಠಶಾಲೆಯಲ್ಲಿ ಪಾಠ ಹೇಳುತ್ತ, 1948ರಲ್ಲಿಯೇ ತಮ್ಮದೊಂದು ಯೋಗಸಂಸ್ಥೆ ಆರಂಭಿಸಿದ್ದರು. ಲಕ್ಷ್ಮೀಪುರದ ಅವರ ಮನೆಯ ಕೋಣೆಯಲ್ಲಿ ಒಮ್ಮೆಗೆ ಹನ್ನೆರಡು ಜನರಿಗೆ ಮಾತ್ರ ಜಾಗ. ಆ ಕೋಣೆಗೂ ಒಂದು ದಿನ ಬೀಳ್ಕೊಡುಗೆಯಾಯಿತು: 2002ರಲ್ಲಿ ಶಾಲೆ ಗೋಕುಲಂ ಬಡಾವಣೆಗೆ ಹೋಯಿತು. ಕೋಣೆ ಬದಲಾಯಿತು, ಕಲಿಸುವುದು ನಿಲ್ಲಲಿಲ್ಲ.

ಈ ಕಥೆಯಲ್ಲಿ ನಮಗೆ ಎರಡು ಮಾತುಗಳಿವೆ. ಮುಚ್ಚುವ ಮುನ್ನವೇ ಬೇರೆ ಕೈಗಳಿಗೆ ದಾಟಿದ್ದು ಉಳಿಯಿತೆಂಬುದು ಒಂದು. ಇದು ಸಂತೋಷದ ಮಾತು. ಒಂದೇ ಆಸರೆಯ ಮೇಲೆ ನಿಂತದ್ದು ಆ ಆಸರೆ ಸರಿದಾಗ ಬಿತ್ತೆಂಬುದು ಇನ್ನೊಂದು. ಇದು ಎಚ್ಚರಿಕೆಯ ಮಾತು. ಪುಣೆಗೆ, ಮದರಾಸಿಗೆ, ಸಾಗರದಾಚೆಗೆ ವಿದ್ಯೆ ಹೋಯಿತು ನಿಜ. ಆದರೆ 1950ರಲ್ಲಿ ಮರುದಿನ ಬೆಳಗ್ಗೆ ಎದ್ದು ಜಗನ್ಮೋಹನ ಅರಮನೆಯ ಕಡೆಗೆ ನಡೆಯಬೇಕಾಗಿದ್ದ ಮೈಸೂರಿನ ಹುಡುಗನಿಗೆ ಅದರಿಂದ ಸಮಾಧಾನವಾಗುವುದೇ? ವಿದ್ಯೆ ಉಳಿಯಿತೆಂದು ಹೇಳಿ ಊರಿಗಾದ ನಷ್ಟವನ್ನು ಮರೆಸಬಾರದು.

ಜೋಳಿಗೆಯಿಂದ ನಿಂತವು

ಒಂದೇ ಆಸರೆಯಿಲ್ಲದೆ ಹಲವು ಕೈಗಳಿಂದ ನಿಂತ ತಾಣಗಳೂ ನಾಡಿನಲ್ಲಿವೆ. ಬಾದಾಮಿಯ ಬಳಿ ಮಲಪ್ರಭೆಯ ದಂಡೆಯಲ್ಲಿ ಹಾನಗಲ್ಲ ಕುಮಾರ ಶಿವಯೋಗಿಗಳು 1909ರಲ್ಲಿ ಸ್ಥಾಪಿಸಿದ ಶಿವಯೋಗಮಂದಿರವನ್ನು ಈ ಪುಟದ ಓದುಗರಿಗೆ ಪರಿಚಯಿಸಬೇಕಿಲ್ಲ. ಜೋಳಿಗೆ ಹಿಡಿದು ಭಕ್ತರ ಮನೆಮನೆಯ ಮುಂದೆ ನಿಂತು ಕಟ್ಟಿದ ಆ ಮಂದಿರದಲ್ಲಿ ಸಾಧಕರಿಗೆ ಶಾಸ್ತ್ರದ ಜೊತೆ ಯೋಗವನ್ನೂ ಕಲಿಸಿದರು. ಪೂಜ್ಯರು ಲಿಂಗೈಕ್ಯರಾಗಿ ತೊಂಬತ್ತು ವರ್ಷಗಳ ಮೇಲಾದರೂ ಮಂದಿರ ನಿಂತಿದೆ. ಚಿತ್ರದುರ್ಗ ಜಿಲ್ಲೆಯ ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮಿಗಳು ಊರೂರು ತಿರುಗಿ ಯೋಗ ಕಲಿಸಿದರು, ಬೇಡಿ ತಂದದ್ದರಲ್ಲಿ ಅನಾಥ ಸೇವಾಶ್ರಮ ನಡೆಸಿದರು. ತಮ್ಮ ಬರಹಗಳಿಗೆ ಅವರು ಇಟ್ಟುಕೊಂಡ ಹೆಸರೇ ‘ತಿರುಕ’. 1996ರಲ್ಲಿ ಅವರು ಕಾಲವಾದರು, ಆಶ್ರಮ ಇಂದಿಗೂ ಇದೆ.

ನಮ್ಮ ರಾಯಚೂರಿನಲ್ಲಿಯೇ ಇನ್ನೊಂದು ಉದಾಹರಣೆಯಿದೆ. ಯೋಗ, ವೈದ್ಯ, ಸಂಗೀತಗಳನ್ನು ಒಟ್ಟಿಗೆ ಬಲ್ಲವರಾಗಿದ್ದ ಪಂಡಿತ ತಾರಾನಾಥರು 1920ರ ಸುಮಾರಿಗೆ ಇಲ್ಲಿ ಹಮ್‌ದರ್ದ್ ಶಾಲೆ ಸ್ಥಾಪಿಸಿದರು. ‘ನೋವಿನಲ್ಲಿ ಜೊತೆಯಾಗುವವನು’ ಎಂಬುದು ಆ ಹೆಸರಿನ ಅರ್ಥ. ನಿಜಾಮರ ಆಡಳಿತಕ್ಕೆ ಅವರು ಹಿಡಿಸಲಿಲ್ಲ, ಊರು ಬಿಡಬೇಕಾಯಿತು. ನದಿ ದಾಟಿ, ನಿಜಾಮ ಸಂಸ್ಥಾನದ ಗಡಿಯಾಚೆ, ತುಂಗಭದ್ರಾ ಎಂಬ ಗ್ರಾಮದಲ್ಲಿ ಪ್ರೇಮಾಯತನ ಆಶ್ರಮ ಕಟ್ಟಿ ರೋಗಿಗಳ ಸೇವೆ ಮಾಡಿದರು. 1942ರಲ್ಲಿ ಅವರು ತೀರಿಕೊಂಡರು. ಕಟ್ಟಿದವರು ಊರು ಬಿಟ್ಟರೂ ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆಯ ಹೆಸರು ಅಳಿಯಲಿಲ್ಲ. ಅವರಿಂದಲೇ ಮೊದಲ ಸ್ವರಪಾಠ ಕಲಿತ ಮಗ ರಾಜೀವ ತಾರಾನಾಥರು ಸರೋದ್ ವಾದನದಲ್ಲಿ ದೊಡ್ಡ ಹೆಸರಾಗಿ 2024ರವರೆಗೆ ನಮ್ಮ ನಡುವೆ ಇದ್ದರು.

ಶರಣರು ಸ್ಥಾವರ, ಜಂಗಮವೆಂಬ ಎರಡು ಮಾತುಗಳನ್ನು ನಮ್ಮ ಕೈಯಲ್ಲಿಟ್ಟು ಹೋಗಿದ್ದಾರೆ. ನಿಂತದ್ದಕ್ಕೆ ಅಳಿವುಂಟೆಂದೂ ನಡೆಯುವುದಕ್ಕೆ ಅಳಿವಿಲ್ಲವೆಂದೂ ನಾವು ಸಭೆಗಳಲ್ಲಿ ಸುಲಭವಾಗಿ ಹೇಳುತ್ತೇವೆ. ಯೋಗಶಾಲೆಯ ಕದ ಮುಚ್ಚುವ ದಿನ ಈ ಮಾತನ್ನು ಬರಿಯ ಸಮಾಧಾನಕ್ಕೆ ಬಳಸಬಾರದೆಂದು ನಮ್ಮ ವಿನಂತಿ. ಜಂಗಮ ತಾನಾಗಿ ನಡೆಯುವುದಿಲ್ಲ. ಅದಕ್ಕೆ ನಡೆಯುವ ಕಾಲುಗಳು ಬೇಕು, ಹೋದಲ್ಲಿ ಒಂದು ಹೊತ್ತು ಕೂರಲು ಜಗಲಿ ಬೇಕು, ಬರಮಾಡಿಕೊಳ್ಳುವ ಮನೆ ಬೇಕು.

ಬೀಳ್ಕೊಡುವ ಬಗೆ

ಮುಚ್ಚುವುದು ಅನಿವಾರ್ಯವಾದಾಗ ಏನು ಮಾಡಬೇಕೆಂದು ನಮಗೆ ತೋಚಿದ್ದನ್ನು ಹೇಳುತ್ತೇವೆ. ಕೊನೆಯ ದಿನವನ್ನು ಗುಟ್ಟಾಗಿಡಬಾರದು. ಒಂದೆರಡು ತಿಂಗಳು ಮೊದಲೇ ಎಲ್ಲರಿಗೂ ತಿಳಿಸಬೇಕು. ಅಭ್ಯಾಸದಲ್ಲಿ ಮುಂದಿರುವ ಇಬ್ಬರು ಮೂವರನ್ನು ಕಲಿಸುವವರೇ ಆರಿಸಿ, ಉಳಿದ ದಿನಗಳಲ್ಲಿ ಅವರಿಂದಲೇ ವರ್ಗ ನಡೆಸಿಸಬೇಕು. ಅವರಲ್ಲಿ ಒಬ್ಬರಾದರೂ ಹೆಣ್ಣುಮಗಳಿರಲಿ. ಯಾರಿಗೆ ಯಾವ ಬೇನೆ, ಯಾರು ಯಾವ ಆಸನ ಮಾಡಬಾರದು ಎಂಬುದು ಗುರುವಿನ ತಲೆಯಲ್ಲಿ ಮಾತ್ರ ಇರುತ್ತದೆ. ಆಯಾ ಅಭ್ಯಾಸಿಗಳ ಒಪ್ಪಿಗೆ ಪಡೆದು, ಮುಂದೆ ಕಲಿಸುವವರಿಗೆ ಅದನ್ನು ತಿಳಿಸಿ ಹೋಗಬೇಕು.

ಲೆಕ್ಕಪತ್ರ ಎಲ್ಲರೆದುರು ಓದಿ ಮುಗಿಸಬೇಕು. ಉಳಿದ ಹಣವಿದ್ದರೆ ಅದು ಮುಂದಿನ ತಾಣದ್ದು. ಜಮಖಾನೆ, ಗಡಿಯಾರ, ನೀರಿನ ಕೊಡ ಏನೇ ಇದ್ದರೂ ಒಬ್ಬರ ಮನೆಯ ಅಟ್ಟಕ್ಕೆ ಸೇರದೆ ಬಳಕೆಯಾಗುವಲ್ಲಿಗೆ ಹೋಗಲಿ. ಇಷ್ಟು ದಿನ ಜಾಗ ಕೊಟ್ಟವರಿಗೆ ಕೃತಜ್ಞತೆ ಹೇಳುವುದನ್ನು ಮರೆಯಬಾರದು. ಜಾಗ ಬಿಡಿಸಿದರೆಂಬ ಸಿಟ್ಟಿನಲ್ಲಿ ಹತ್ತು ವರ್ಷದ ಉಪಕಾರ ಅಳಿಸಿಹೋಗಬಾರದು. ಕಲಿಸಿದವರಿಗೆ ಶಾಲು, ಹಾರ, ಭಾಷಣಗಳ ಜೊತೆ ಗುರುಕಾಣಿಕೆಯೂ ಸಲ್ಲಬೇಕು. ಸಂಬಳವಿಲ್ಲದೆ ದಿನಾ ನಸುಕಿನಲ್ಲಿ ಎದ್ದು ಬಂದವರ ಕಾಯಕವನ್ನು ಚಪ್ಪಾಳೆಯಲ್ಲಿ ತೀರಿಸುವುದು ನಮಗೆ ಶೋಭೆಯಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕೊನೆಯ ದಿನ ಏಳುವ ಮುನ್ನ ಮರುದಿನ ಎಲ್ಲಿ ಕೂಡುವುದೆಂದು ನಿರ್ಧಾರವಾಗಿರಬೇಕು. ಐದೇ ಜನ, ಯಾರದೋ ಮಾಳಿಗೆ, ಅರ್ಧ ತಾಸು ಆದರೂ ಸರಿ. ಒಂದು ವಾರ ಬಿಟ್ಟರೆ ಒಂದು ವರ್ಷ ಬಿಟ್ಟಂತೆಯೇ.

ಮಂಡಳಿಯ ಹಿರಿಯರಲ್ಲಿ

ಕಡೆಯದಾಗಿ ನಮ್ಮ ಸಂಘ ಸಂಸ್ಥೆಗಳ ಆಡಳಿತ ಮಂಡಳಿಯ ಹಿರಿಯರಲ್ಲಿ ಒಂದು ಪ್ರಾರ್ಥನೆ. ಸಮಾಜದ ವಂತಿಗೆಯಿಂದ ನಾವು ಕಲ್ಯಾಣ ಮಂಟಪಗಳನ್ನು, ಸಭಾಭವನಗಳನ್ನು, ಪ್ರಸಾದ ನಿಲಯಗಳನ್ನು ಕಟ್ಟಿದ್ದೇವೆ. ಲಗ್ನದ ದಿನಗಳು ವರ್ಷಕ್ಕೆ ಎಷ್ಟು? ಉಳಿದ ದಿನಗಳ ಬೆಳಗಿನ ಐದರಿಂದ ಏಳರವರೆಗೆ ಆ ವಿಶಾಲವಾದ ನೆಲದ ಮೇಲೆ ಕುಳಿತುಕೊಳ್ಳುವವರು ಯಾರು? ಆ ಎರಡು ತಾಸನ್ನು ಬಾಡಿಗೆಯಿಲ್ಲದೆ ಊರಿನ ಎಲ್ಲ ಜನರಿಗೆ ಬಿಟ್ಟುಕೊಟ್ಟರೆ ಮಂಡಳಿಗೆ ತಗಲುವುದು ಒಂದು ದೀಪದ ಖರ್ಚು, ಕಾವಲುಗಾರ ಒಂದು ತಾಸು ಮುಂಚೆ ಏಳುವ ಶ್ರಮ. ಲಗ್ನವಿರುವ ದಿನ ವರ್ಗಕ್ಕೆ ರಜೆ ಎಂದರೆ ಬೇಡವೆನ್ನುವವರಿಲ್ಲ. ಅನ್ನದಾಸೋಹಕ್ಕೆ ಹೆಸರಾದ ಸಮಾಜಕ್ಕೆ ನೆಲದ ದಾಸೋಹ ಭಾರವಾಗದು.

ವಿಶ್ವಸಂಸ್ಥೆಯ 2014ರ ನಿರ್ಣಯದಂತೆ 2015ರಿಂದ ಪ್ರತಿವರ್ಷ ಜೂನ್ 21ರಂದು ಯೋಗದಿನ ನಡೆಯುತ್ತಿದೆ. ಅಂದು ಮೈದಾನಗಳು ತುಂಬುತ್ತವೆ, ಛಾಯಾಚಿತ್ರಗಳು ಅಚ್ಚಾಗುತ್ತವೆ. ಒಳ್ಳೆಯದೇ. ಆದರೆ ಯೋಗಶಾಲೆಯ ನಿಜವಾದ ಪರೀಕ್ಷೆ ಜೂನ್ 22ರ ನಸುಕಿನಲ್ಲಿದೆ. ಅಂದು ರಾಯಚೂರಿನಲ್ಲಿ, ದೇವದುರ್ಗದಲ್ಲಿ, ಮಾನ್ವಿಯಲ್ಲಿ ಎಷ್ಟು ಕದಗಳು ತೆರೆದಿರುತ್ತವೆ, ಎಷ್ಟು ಜಮಖಾನೆಗಳು ಹಾಸಿರುತ್ತವೆ ಎಂಬುದರ ಮೇಲೆ ನಮ್ಮ ಆಸ್ಥೆಯನ್ನು ಅಳೆಯಬೇಕು.

ಹೋಗುವ ತಾಣಕ್ಕೆ ಶರಣು ಹೇಳೋಣ. ಅದು ನಮಗೆ ಕೊಟ್ಟ ಬೆಳಗುಗಳಿಗೆ ಋಣಿಗಳಾಗೋಣ. ಬೀಗದ ಕೈಯನ್ನು ಮಾಲೀಕರಿಗೆ ಒಪ್ಪಿಸಿ ಬರುವಾಗ ಜಮಖಾನೆಯನ್ನು ನಮ್ಮ ಹೆಗಲ ಮೇಲೆ ಹಾಕಿಕೊಂಡು ಬರೋಣ.